ಅರ್ಧ ಗಂಟೆಗೆ ನಾಲ್ಕು ಹಾಡು: ಚಿಂತಾಮಣಿಯಲ್ಲಿ ಹಾಕಿದ ಒಂದು ಲೆಕ್ಕ

ಚಿಂತಾಮಣಿಯ ಒಂದು ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ನಾಲ್ವರು ಕುಳಿತು, ಮೊಬೈಲಿನ ಸ್ಟಾಪ್‌ವಾಚ್ ಒತ್ತುತ್ತಾ ಭಾವಗೀತೆ ಕೇಳುತ್ತಿದ್ದೆವು. ಹಾಡು ಕೇಳುವುದಕ್ಕೆ ಇದಕ್ಕಿಂತ ಅರಸಿಕವಾದ ದಾರಿ ಇರಲಾರದು. ಪಲ್ಲವಿಗೆ ಮುಂಚಿನ ಪಿಟೀಲು, ಕೊಳಲು 40 ಸೆಕೆಂಡ್. ಪಲ್ಲವಿ ಎರಡು ಸಲ. ಆಮೇಲೆ ಮತ್ತೆ ಕೊಳಲು. ಮೂರು ಚರಣ, ಪ್ರತಿ ಚರಣದ ಕೊನೆಗೆ ಪಲ್ಲವಿಯ ಮೊದಲ ಸಾಲು. ಒಟ್ಟು ಐದು ನಿಮಿಷ ಚಿಲ್ಲರೆ. ಅಂಗಡಿಯ ಗೆಳೆಯ ಯಾರದೋ ಹಾಳಾದ ಪಹಣಿ ಪ್ರತಿಯ ಬೆನ್ನಿಗೆ ಇದನ್ನೆಲ್ಲ ಗೀಚಿಕೊಂಡು, ಕೂಡಿ, ತಲೆಯೆತ್ತಿ, "ಅಣ್ಣ, ನಾಲ್ಕು ಹಾಡು ಇಟ್ಟರೆ ಕಥೆಗೆ ಮೂರು ನಿಮಿಷ ಉಳಿಯುತ್ತದೆ" ಎಂದ.

ನಾನು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಬದುಕುವವನು. ಊರಿನ ಈ ಹುಡುಗರು ಕರೆದದ್ದು ಬೇರೆಯದೇ ಕೆಲಸಕ್ಕೆ: ಒಬ್ಬ ಗೀತಕಾರನ ಹಾಡುಗಳನ್ನು ಹಿಡಿದು, ಆ ಹಾಡುಗಳಿಂದಲೇ ಕಥೆ ಹುಟ್ಟುವಂತೆ, ಟಿವಿಗೆ ಅರ್ಧ ಗಂಟೆಯ ಒಂದು ಸಂಗೀತ ಚಿತ್ರ ಮಾಡಬೇಕು. ಕ್ಯಾಮೆರಾ ಇದೆ. ಮದುವೆಗಳಲ್ಲಿ ಹಾರಿಸುವ ಡ್ರೋನ್ ಇದೆ. ಸಂಕಲನ ಮಾಡುವ ಲ್ಯಾಪ್‌ಟಾಪ್ ಕೂಡ ಇದೆ. ತುಮಕೂರು, ಕೋಲಾರದಲ್ಲಿಯೂ ಇಂಥ ಗುಂಪುಗಳು ಸಾಕಷ್ಟಿವೆ, ಅವರಲ್ಲಿ ಒಂದಿಬ್ಬರನ್ನು ನಾನು ಬಲ್ಲೆ. ಎಲ್ಲರೂ ಉತ್ಸಾಹದಿಂದ ಹೊರಡುತ್ತಾರೆ, ಎಲ್ಲರೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಆ ಜಾಗ ಯಾವುದು, ಅಲ್ಲಿ ಏನು ಅಡ್ಡ ಬಂದಿದೆ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ಮೊದಲು ಸಮಯದ ವಿಚಾರ. ಚಾನೆಲ್ಲಿನ ಅರ್ಧ ಗಂಟೆ ಎಂದರೆ 30 ನಿಮಿಷವಲ್ಲ. ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಇರಬಾರದೆಂಬುದು ಕೇಬಲ್ ಟಿವಿ ನಿಯಮ. ಅದರಲ್ಲಿ 10 ನಿಮಿಷ ವ್ಯಾಪಾರದ್ದು, 2 ನಿಮಿಷ ಚಾನೆಲ್ಲಿನ ಸ್ವಂತ ಡಂಗುರ. ಹಾಗಾಗಿ ಅರ್ಧ ಗಂಟೆಯ ಜಾಗದಲ್ಲಿ ನಮ್ಮ ಪಾಲಿಗೆ ಬರುವುದು 24 ನಿಮಿಷ, ಶೀರ್ಷಿಕೆ ಮತ್ತು ಹೆಸರುಗಳ ಪಟ್ಟಿ ಕಳೆದರೆ ಇನ್ನೂ ಕಡಿಮೆ. ಇಷ್ಟು ಹೊತ್ತಿನಲ್ಲಿ ಒಂದು ಕಥೆ ಹೇಳಲಾಗುವುದಿಲ್ಲ ಎಂದೇನಿಲ್ಲ. ಶಂಕರ್ ನಾಗ್ ದೂರದರ್ಶನಕ್ಕಾಗಿ ಮಾಡಿದ 'ಮಾಲ್ಗುಡಿ ಡೇಸ್'ನ ಬಹುಪಾಲು ಕಂತುಗಳು ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಒಂದು ಬದುಕನ್ನೇ ತೋರಿಸಿ ಮುಗಿಸುತ್ತಿದ್ದವು. ಆದರೆ ಅಲ್ಲಿ ಐದೈದು ನಿಮಿಷದ ನಾಲ್ಕು ಹಾಡುಗಳಿರಲಿಲ್ಲ.

ನಮ್ಮ ಭಾವಗೀತೆ ಐದು ನಿಮಿಷದ್ದಾಗಿರುವುದಕ್ಕೆ ಕವಿ ಕಾರಣನಲ್ಲ. ಕವಿ ಬರೆದದ್ದು ಹನ್ನೆರಡು ಹದಿನಾರು ಸಾಲು; ಓದಿದರೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಅದನ್ನು ಐದು ನಿಮಿಷಕ್ಕೆ ಎಳೆದದ್ದು ಕ್ಯಾಸೆಟ್. ಒಂದೊಂದು ಮಗ್ಗುಲಿಗೆ 30 ನಿಮಿಷ ಹಿಡಿಯುವ ಕ್ಯಾಸೆಟ್ಟಿನಲ್ಲಿ ನಾಲ್ಕೈದು ಹಾಡು ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ. 1978ರಲ್ಲಿ ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 'ನಿತ್ಯೋತ್ಸವ' ಧ್ವನಿಸುರುಳಿ ಬಂದ ಮೇಲೆ ಕನ್ನಡದ ಸುಗಮ ಸಂಗೀತಕ್ಕೆ ಒಂದು ಅಳತೆಗೋಲೇ ಸಿಕ್ಕಿಬಿಟ್ಟಿತು. ಮುನ್ನುಡಿಯಂತೆ ವಾದ್ಯ, ಮರುಕಳಿಸುವ ಪಲ್ಲವಿ, ಚರಣಗಳ ನಡುವೆ ಉಸಿರಾಡಲು ಜಾಗ. ಹಜಾರದಲ್ಲಿ ಕುಳಿತು ಕೇಳುವವರಿಗೆ ಹೇಳಿಮಾಡಿಸಿದ ಅಳತೆ. ಕಣ್ಣಿಗೆ ಏನನ್ನೋ ಕಾಣಿಸಲೇಬೇಕಾದ ಚಿತ್ರಕ್ಕೆ ಅದೇ ಕುಣಿಕೆ. ಪಲ್ಲವಿ ಮೂರನೆಯ ಸಲ ಬಂದಾಗ ನಾಯಕಿ ಮೂರನೆಯ ಸಲ ಕಿಟಕಿಯ ಬಳಿ ನಿಂತರೆ, ನೋಡುವವರು ಎದ್ದು ಹಾಲು ಕಾಯಿಸಲು ಹೋಗುತ್ತಾರೆ.

ಕಥೆ ಮಾತ್ರ ಹಾಡಿನೊಳಗೇ ಎಷ್ಟೋ ಸಲ ತಯಾರಾಗಿ ಕುಳಿತಿರುತ್ತದೆ. ಇದಕ್ಕೆ ನಮ್ಮ ಊರಿನ ಉದಾಹರಣೆಗಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಚಿಂತಾಮಣಿಯ ಕವಿ ಬಿ.ಆರ್. ಲಕ್ಷ್ಮಣರಾವ್ ಅವರ ಗೀತೆಗಳನ್ನು ಗಮನಿಸಿ. ಸುಬ್ಬಾಭಟ್ಟರ ಮಗಳನ್ನು ಕೂಗಿ ಕರೆದು ಪ್ರಕೃತಿಯ ಸಿರಿಯೆಲ್ಲ ತನ್ನದೇ ಎಂಬಂತೆ ಕೊಡಲು ಹೊರಡುವ ಪ್ರೇಮಿ. ಬಾರಿನಲ್ಲಿ ಕುಳಿತು ಕುಡಿಯದ ಗೆಳೆಯನನ್ನು ಗೇಲಿ ಮಾಡುವ ಪೋಲಿಗಳ ಗುಂಪು. ಹೊರಟು ನಿಂತವಳನ್ನು ಕಾರಣವಾದರೂ ಹೇಳೆಂದು ಕೇಳುವವನು. ಅಮ್ಮನ ಎದೆಯಾಳದಲ್ಲಿ ಗಾಳಕ್ಕೆ ಸಿಕ್ಕ ಮೀನಿನಂತೆ ಒದ್ದಾಡುವ ಮಗ. ಇವು ಬರಿಯ ಭಾವಗಳಲ್ಲ. ಒಬ್ಬೊಬ್ಬರಿಗೂ ಒಂದು ಮುಖವಿದೆ, ನಿಲ್ಲಲು ಒಂದು ಜಾಗವಿದೆ, ಎದುರಿಗೆ ಇನ್ನೊಬ್ಬರಿದ್ದಾರೆ. ಬಾರಿನ ಹಾಡಿನಲ್ಲಂತೂ ಪಾತ್ರ, ಸ್ಥಳ, ತಕರಾರು ಮೂರೂ ಮೊದಲ ಸಾಲುಗಳಲ್ಲೇ ಬಂದು ಕುಳಿತಿವೆ. ಧಾರಾವಾಹಿ ಬರೆಯುವ ನಾವು ಇಷ್ಟನ್ನು ಹೇಳಲು ಮೂರು ಕಂತು ತೆಗೆದುಕೊಳ್ಳುತ್ತೇವೆ.

ಅಮ್ಮನ ಹಾಡನ್ನು ಇಟ್ಟುಕೊಂಡು ಆ ಕೋಣೆಯಲ್ಲಿ ಒಂದು ಸಂಜೆ ಆಟವಾಡಿದೆವು. ಬರಿಯ ಮನಸ್ಸಿನ ಮಂಡಿಗೆ, ಯಾರ ಅನುಮತಿಯೂ ಇಲ್ಲದ್ದು. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಒಂದು ಮನೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿವೆ. ತಾಯಿಯ ಬೆರಳುಗಳು ಆ ಬಿಸಿಯಲ್ಲೇ ಎಳೆಯ ತುದಿ ಹುಡುಕುತ್ತಿವೆ. ಬೆರಳ ತುದಿಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿದೆ. ಮೂಲೆಯ ರೇಡಿಯೊದಲ್ಲಿ ಹಾಡು, ಯಂತ್ರದ ಸದ್ದಿನಲ್ಲಿ ಅರ್ಧ ಮುಳುಗಿದೆ. ಬೆಂಗಳೂರಿಗೆ ಹೊರಟ ಮಗ ಹೊಸ್ತಿಲಲ್ಲಿ ಬ್ಯಾಗ್ ಹಿಡಿದು ನಿಂತಿದ್ದಾನೆ. ಮೊದಲ ಚರಣ ಮಗನ ಮುಖದ ಮೇಲೆ ಹೋಗಲಿ. ಎರಡನೆಯದಕ್ಕೆ ಕ್ಯಾಮೆರಾ ಅಮ್ಮನ ಕೈಗೆ ಬರಲಿ, ಗೂಡಿನಿಂದ ಎಳೆ ಬಿಚ್ಚುತ್ತಾ ಬಿಚ್ಚುತ್ತಾ ಗೂಡು ತೆಳ್ಳಗಾಗಿ ಒಳಗಿನ ಹುಳು ಕಾಣಲಿ. ಹಾಡು ಮಗನ ಬಾಯಲ್ಲೇ ಇದೆ, ಆದರೆ ಎಳೆಯ ಆ ತುದಿಯಲ್ಲಿ ಇರುವವರು ಯಾರು ಎಂಬುದು ತಲೆಕೆಳಗಾಗುತ್ತದೆ. ಚರಣಗಳ ನಡುವಿನ ವಾದ್ಯದ 20 ಸೆಕೆಂಡಿನಲ್ಲಿ ಮಾತಿಲ್ಲದೆ ಒಂದು ಘಟನೆ ನಡೆಯಬೇಕು: ಅಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಾಳೆ, ಅವನು ಎಣಿಸುವುದಿಲ್ಲ, ಅವಳು "ಎಣಿಸಿಕೋ" ಎಂದು ಕಣ್ಣಲ್ಲೇ ಹೇಳುತ್ತಾಳೆ. ಹಾಡಿನ ಚಿತ್ರದಲ್ಲಿ ಕಥೆ ನಡೆಯುವ ಜಾಗ ಇದೇ. ಸಾಲುಗಳಿಗೆ ಚಿತ್ರ ಜೋಡಿಸಿದರೆ ಅದು ಸಚಿತ್ರ ಗೀತೆಯಾಗುತ್ತದೆ, ಅಷ್ಟೇ; ಮೀನು ಎಂದಾಗ ಮೀನು, ಗಾಳ ಎಂದಾಗ ಗಾಳ. ಸಾಲುಗಳ ನಡುವಿನ ಬಿಡುವಿನಲ್ಲಿ ಏನಾಯಿತು ಎಂಬುದನ್ನು ಕಟ್ಟಿದರೆ ಮಾತ್ರ ಚಿತ್ರ.

ಇದು ಹೊರಗಿನಿಂದ ತಂದ ಕಲೆಯೇನೂ ಅಲ್ಲ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಆಮೇಲೆ ವೀರಣ್ಣನವರ ಕೈಯಲ್ಲಿ ಬೆಳೆದ ನಾಟಕ ಕಂಪನಿಯ ಆಟಗಳು ಹಾಡಿನ ಮೇಲೆಯೇ ನಿಂತಿದ್ದವು. ನಟನೇ ಹಾಡಬೇಕು, ಜನ 'ಒನ್ಸ್ ಮೋರ್' ಎಂದರೆ ಸತ್ತು ಬಿದ್ದವನೂ ಎದ್ದು ಹಾಡಬೇಕು. ಅದೇ ಜಿಲ್ಲೆಯ ಮೂಡಲಪಾಯ ಯಕ್ಷಗಾನದಲ್ಲಿ ಭಾಗವತ ಪದ ಎತ್ತಿಕೊಳ್ಳುತ್ತಾನೆ, ಮುಖವೀಣೆ ಹಿಂಬಾಲಿಸುತ್ತದೆ, ವೇಷ ಕುಣಿಯುತ್ತದೆ. ಹಾಡಿನ ನಡುವೆ ಕಥೆ ಕಟ್ಟುವುದು ನಮಗೆ ಗೊತ್ತು. ಸಿನಿಮಾದಲ್ಲಿಯೂ ಮಾಡಿ ತೋರಿಸಿದವರಿದ್ದಾರೆ. ಕೆ.ಎಸ್. ನರಸಿಂಹಸ್ವಾಮಿ ಅವರ 1942ರ ಕವನ ಸಂಕಲನವನ್ನು ಹಿಡಿದು ಟಿ.ಎಸ್. ನಾಗಾಭರಣ 'ಮೈಸೂರು ಮಲ್ಲಿಗೆ' ಚಿತ್ರ ಮಾಡಿದರು, ಸಿ. ಅಶ್ವತ್ಥ್ ಸಂಗೀತ ಕೊಟ್ಟರು. ಪುಸ್ತಕ ಬಂದ ಐವತ್ತು ವರ್ಷದ ಮೇಲೆ, ಆ ಚಿತ್ರದ ಹಾಡುಗಳಿಗಾಗಿ ಕವಿಗೆ ಶ್ರೇಷ್ಠ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಬಿಡಿ ಬಿಡಿ ಪ್ರೇಮಗೀತೆಗಳ ಪುಸ್ತಕದಲ್ಲಿ ಇಲ್ಲದ ಕಥೆಯನ್ನು ಆ ಗೀತೆಗಳ ಸಂದಿಯಿಂದಲೇ ಹೊರತೆಗೆದರೆಂಬುದು ಅದರ ಹೆಚ್ಚುಗಾರಿಕೆ. ಆದರೆ ಅದು ಪೂರ್ಣಾವಧಿ ಸಿನಿಮಾ. ಉಸಿರಾಡಲು ಎರಡು ಗಂಟೆ ಇತ್ತು.

ಟಿವಿಗೆಂದೇ ಇಂಥದ್ದನ್ನು ಮಾಡಿದವರಲ್ಲಿ ನನಗೆ ನೆನಪಾಗುವುದು ಅಮೆರಿಕದ ಗೀತಕಾರ ಹ್ಯಾರಿ ನಿಲ್ಸನ್. ಎಲ್ಲರ ತಲೆಯೂ ಚೂಪಾಗಿರುವ ನಾಡಿನಲ್ಲಿ ಗುಂಡುತಲೆಯ ಒಬ್ಬ ಹುಡುಗ ಹುಟ್ಟುತ್ತಾನೆ ಎಂಬ ಕಥೆಯನ್ನು ಅವನು ಹಾಡುಗಳಲ್ಲಿ ಕಟ್ಟಿದ. 'ದಿ ಪಾಯಿಂಟ್' ಎಂಬ ಹೆಸರಿನಲ್ಲಿ ಅದು ಕಾರ್ಟೂನ್ ಚಿತ್ರವಾಗಿ 1971ರಲ್ಲಿ ಎಬಿಸಿ ಚಾನೆಲ್ಲಿನಲ್ಲಿ ಬಂತು. ಮಗನಿಗೆ ಕಥೆ ಹೇಳುವ ಅಪ್ಪನ ಧ್ವನಿ ನಟ ಡಸ್ಟಿನ್ ಹಾಫ್‌ಮನ್ ಅವರದು. ಆದರೆ ಅವರ ಕರಾರು ಇದ್ದದ್ದು ಮೊದಲ ಪ್ರಸಾರಕ್ಕೆ ಮಾತ್ರ. ಮುಂದಿನ ಪ್ರಸಾರಗಳಿಗೆ ಬೇರೆ ಧ್ವನಿ ಹಾಕಬೇಕಾಯಿತು. ಕೊನೆಗೆ ಮನೆಮನೆಗೆ ಬಂದ ವಿಡಿಯೊದಲ್ಲಿ ಕೇಳುವುದು ರಿಂಗೋ ಸ್ಟಾರ್ ಅವರ ಧ್ವನಿ. ಚಿತ್ರ ಅದೇ, ಹಾಡು ಅದೇ, ಒಂದು ಕಾಗದದಲ್ಲಿ 'ಒಂದು ಸಲ' ಎಂದಿದ್ದಕ್ಕೆ ಅಪ್ಪನ ಧ್ವನಿಯೇ ಬದಲಾಗಿ ಹೋಯಿತು.

ನಾನು ಹೇಳಿದ ಆ ಜಾಗ ಇದು. ಕಾಗದ.

ಒಂದು ಹಾಡು ಎಂದು ನಾವು ಕರೆಯುವುದು ಕಾನೂನಿನ ಕಣ್ಣಿಗೆ ಒಂದು ವಸ್ತುವಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ ಒಂದು ಕೃತಿ, ರಾಗಸಂಯೋಜನೆ ಇನ್ನೊಂದು, ಸ್ಟುಡಿಯೊದಲ್ಲಿ ಅಚ್ಚಾದ ಧ್ವನಿಮುದ್ರಣ ಮತ್ತೊಂದು. ಒಂದೇ ಮನೆಗೆ ಮೂರು ಬೀಗ, ಮೂರು ಕೀಲಿ ಮೂವರ ಹತ್ತಿರ. ಇದರ ಮೇಲೆ ಹಾಡಿದವರಿಗೆ ಕಲಾವಿದರ ಹಕ್ಕು ಬೇರೆ. ಸಾಹಿತ್ಯಕ್ಕೂ ರಾಗಕ್ಕೂ ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. ಧ್ವನಿಮುದ್ರಣಕ್ಕೂ ಸಿನಿಮಾಕ್ಕೂ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ನಿಸಾರ್ ಅಹಮದ್ 2020ರಲ್ಲಿ ತೀರಿಕೊಂಡರು, ಅವರ ಸಾಲುಗಳ ಹಕ್ಕು 2080ರ ಕೊನೆಯವರೆಗೂ ಉಳಿಯುತ್ತದೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು 1975ರಲ್ಲಿ ಹೋದರು; ಅವರ ಗೀತೆಗಳು 2035ರವರೆಗೆ ವಾರಸುದಾರರವು. ನಮ್ಮ ಗುಂಪಿನ ಹುಡುಗನೊಬ್ಬ "ಅಂತರ್ಜಾಲದಲ್ಲಿ ಎಲ್ಲ ಕಡೆಯೂ ಇದೆಯಲ್ಲ ಅಣ್ಣ, ಹಾಗಾದರೆ ಎಲ್ಲರದೂ ತಾನೆ" ಎಂದ. ಎಲ್ಲ ಕಡೆ ಇರುವುದಕ್ಕೂ ಎಲ್ಲರದಾಗಿರುವುದಕ್ಕೂ ಇರುವ ದೂರವನ್ನು ಅವನಿಗೆ ವಿವರಿಸಲು ಎರಡು ಲೋಟ ಕಾಫಿ ಬೇಕಾಯಿತು.

ಸಾಹಿತ್ಯ ಒಬ್ಬರದು, ದಾಟಿ ಇನ್ನೊಬ್ಬರದು ಎಂಬುದು ಎಷ್ಟು ಬಿಸಿಯಾದ ವಿಷಯ ಎಂದು ತಿಳಿಯಲು ನಾಡಗೀತೆಯನ್ನೇ ನೋಡಬಹುದು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಆದರೆ ಯಾವ ದಾಟಿಯಲ್ಲಿ ಹಾಡಬೇಕು, ಅನಂತಸ್ವಾಮಿಯವರದೋ ಅಶ್ವತ್ಥ್ ಅವರದೋ ಎಂಬ ಜಗ್ಗಾಟ ಮುಗಿಯಲು 2022 ಬರಬೇಕಾಯಿತು. ಅನಂತಸ್ವಾಮಿಯವರ ದಾಟಿ, 2 ನಿಮಿಷ 30 ಸೆಕೆಂಡ್ ಎಂದು ಸರ್ಕಾರ ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ತಳ್ಳಿಹಾಕಿತು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಹಾಡು ಕೇಳಿದವರು ನಾವೊಬ್ಬರೇ ಅಲ್ಲ ಎಂಬ ಸಮಾಧಾನ ನನಗೆ.

ಬೇರೆಯವರ ಹಾಡನ್ನು ಹೊಸದಾಗಿ ಹಾಡಿಸಿ ಬಿಡುಗಡೆ ಮಾಡಲು ಕಾನೂನಿನಲ್ಲಿ ಒಂದು ಕಿಂಡಿ ಇದೆ. ಮೊದಲ ಧ್ವನಿಮುದ್ರಣವಾಗಿ ಐದು ವರ್ಷ ಕಳೆದಿದ್ದರೆ, ಮೊದಲೇ ನೋಟಿಸ್ ಕೊಟ್ಟು ರಾಯಧನ ಕಟ್ಟಿ ಹಾಡಿಸಬಹುದು. ಅದನ್ನು ನಂಬಿ ಕೆಲವರು ಚಿತ್ರಕ್ಕೂ ಅದೇ ಸಾಕೆಂದುಕೊಳ್ಳುತ್ತಾರೆ. ಸಾಲದು. ಆ ಕಿಂಡಿ ಧ್ವನಿಮುದ್ರಣಕ್ಕೆ ಮಾತ್ರ. ಕೃತಿಯನ್ನು ಹಿಡಿದು ಚಿತ್ರ ಮಾಡುವುದು ಬೇರೆಯದೇ ಹಕ್ಕು, ಅದಕ್ಕೆ ಹಕ್ಕುದಾರರ ಬಾಯಿಂದಲೇ ಹೂಂ ಬರಬೇಕು. ಸಾಲುಗಳನ್ನು ಕತ್ತರಿಸಿ ಐದು ನಿಮಿಷವನ್ನು ಮೂರಕ್ಕೆ ಇಳಿಸುವಾಗಲೂ ಎಚ್ಚರ ಬೇಕು. ತನ್ನ ಗೌರವಕ್ಕೆ ಧಕ್ಕೆ ಬರುವಂತೆ ಕೃತಿಯನ್ನು ತಿರುಚಿದರೆ ಪ್ರಶ್ನಿಸುವ ಹಕ್ಕು ಕರ್ತೃವಿಗೆ ಇದ್ದೇ ಇದೆ, ಹಕ್ಕನ್ನು ಮಾರಿದ ಮೇಲೂ.

ನಮ್ಮ ಪಟ್ಟಿಯಲ್ಲಿದ್ದ ಒಂದು ಹಳೆಯ ಹಾಡಿಗಾಗಿ ಒಂದು ಧ್ವನಿಸುರುಳಿ ಕಂಪನಿಗೆ ಪತ್ರ ಬರೆದೆವು. ಹೆಸರು ಬೇಡ. ಕಂಪನಿ ಕೈ ಬದಲಾಗಿತ್ತು. ಹೊಸಬರು ಹಳಬರನ್ನು ಕೇಳಿ ಎಂದರು. ಹಳಬರು ಎಲ್ಲವನ್ನೂ ಬರೆದುಕೊಟ್ಟಿದ್ದೇವೆ ಎಂದರು. ಬರೆದುಕೊಟ್ಟ ಕಾಗದ ಎಲ್ಲಿ ಎಂದಾಗ ಇಬ್ಬರೂ ಸುಮ್ಮನಾದರು. ಇಂಥ ಮೌನ ಸಾಮಾನ್ಯ. ಕ್ಯಾಸೆಟ್ ಕಾಲದಲ್ಲಿ ಎಷ್ಟೋ ಕವಿಗಳು ಒಂದು ಸಣ್ಣ ಮೊತ್ತಕ್ಕೆ, ಒಂದು ಶಾಲಿಗೆ, ಕೆಲವೊಮ್ಮೆ ಹತ್ತು ಕ್ಯಾಸೆಟ್ಟಿನ ಪ್ರತಿಗೆ ಸಹಿ ಹಾಕಿದ್ದಾರೆ. 1994ರ ತಿದ್ದುಪಡಿ, ಕರಾರಿನಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೇ ಎಣಿಸಬೇಕು ಎಂದಿತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಕರಾರಿನ ಹೊತ್ತಿಗೆ ಇಲ್ಲದೇ ಇದ್ದ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ ಅದಕ್ಕೆ ಆ ಕರಾರು ಅನ್ವಯಿಸದು, ಚಿತ್ರಮಂದಿರದ ಹೊರಗೆ ಹಾಡು ದುಡಿದ ಹಣದಲ್ಲಿ ಗೀತಕಾರನಿಗೂ ಸಂಗೀತಗಾರನಿಗೂ ಸಮಪಾಲು, ಆ ಪಾಲನ್ನು ಬಿಟ್ಟುಕೊಡುತ್ತೇನೆಂದು ಅವರೇ ಬರೆದುಕೊಟ್ಟರೂ ಸಲ್ಲದು ಎಂದಿತು. ಒಳ್ಳೆಯ ಮಾತುಗಳು. ಆದರೆ ಈ ಮಾತುಗಳು ಕೆಲಸ ಮಾಡಬೇಕಾದರೆ ಮೊದಲು ಹಳೆಯ ಕರಾರು ಮೇಜಿನ ಮೇಲೆ ಬರಬೇಕು. 1980ರ ದಶಕದ ಆ ಹಾಳೆ ಯಾವ ಅಟ್ಟದ ಮೇಲೆ ಗೆದ್ದಲಿಗೆ ಸಲ್ಲುತ್ತಿದೆಯೋ ಯಾರು ಬಲ್ಲರು? ಚಾನೆಲ್ ಆದರೋ ಇಂಥ ಚಿತ್ರ ಕೊಂಡುಕೊಳ್ಳುವ ಮೊದಲು ಕೇಳುವ ಮೊದಲ ಪ್ರಶ್ನೆಯೇ ಅದು: ಹಾಡಿನ ಹಕ್ಕುಗಳೆಲ್ಲ ನಿಮ್ಮ ಕೈಯಲ್ಲಿವೆಯೇ? ಕಥೆ ಹೇಗಿದೆ ಎಂಬ ಪ್ರಶ್ನೆ ಆಮೇಲಿನದು, ಎಷ್ಟೋ ಸಲ ಬರುವುದೇ ಇಲ್ಲ.

ಟಿವಿಯಲ್ಲಿ ಹಾಡಿಗೆ ಜಾಗವಿಲ್ಲವೆಂದಲ್ಲ, ಬೇಕಾದಷ್ಟಿದೆ. ಹಾಡಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ಕಣ್ಣೊರೆಸಿಕೊಳ್ಳುತ್ತಾರೆ, ಅಮ್ಮಂದಿರು ವೇದಿಕೆಗೆ ಬರುತ್ತಾರೆ. ಅಲ್ಲಿ ಹಾಡು ಒಂದು ಪರೀಕ್ಷೆ. ಧಾರಾವಾಹಿಗಳಲ್ಲಿ ಅದು ಹಿನ್ನೆಲೆಯ ಮಸಾಲೆ. ಒಂದು ಸಾಲು, ಒಂದು ಕಣ್ಣೀರು, ಮುಂದಿನ ದೃಶ್ಯ. ಒಂದೇ ಸಲ ತೋರಿಸಿ ಮುಗಿಯುವ ಬಿಡಿ ಚಿತ್ರಕ್ಕೆ ಖಾಸಗಿ ಚಾನೆಲ್ಲಿನ ಲೆಕ್ಕದಲ್ಲಿ ಜಾಗ ಕಡಿಮೆ, ಏಕೆಂದರೆ ನಾಳೆ ಅದೇ ಹೊತ್ತಿಗೆ ಅದೇ ಜನರನ್ನು ಕರೆತರುವ ಶಕ್ತಿ ಅದಕ್ಕಿಲ್ಲ. ಇದನ್ನು ದೂರುವುದಕ್ಕೆ ನನಗೆ ಬಾಯಿಲ್ಲ, ನನ್ನ ಮನೆ ಬಾಡಿಗೆ ನಡೆಯುವುದೇ ಆ 'ನಾಳೆ'ಯಿಂದ. ಉಳಿದದ್ದು ದೂರದರ್ಶನ ಚಂದನ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ 'ವೇವ್ಸ್' ಎಂಬ ಒಟಿಟಿ ತಾಣವನ್ನೂ ತೆರೆದಿದೆ. ಬಿಡಿ ಚಿತ್ರಗಳಿಗೆ ಬಾಗಿಲು ಇದ್ದರೆ ಅಲ್ಲೇ ಇರಬೇಕು ಎಂಬುದು ನನ್ನ ಊಹೆ.

ಹಾಗಾದರೆ ಬೀಗವಿಲ್ಲದ ಹಾಡುಗಳು ಇಲ್ಲವೇ? ಇವೆ, ಅದೂ ನಮ್ಮ ಕಾಲಬುಡದಲ್ಲೇ. ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರಲ್ಲಿ. 2007ರಿಂದ ಅವರ ಸಾಲುಗಳು ಸಾರ್ವಜನಿಕ ಸ್ವತ್ತು. ಅವರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿರುವ 'ಕಾರಿಹೆಗ್ಗಡೆಯ ಮಗಳು' ಶಾಲೆಯಲ್ಲಿ ಓದಿದವರಿಗೆಲ್ಲ ನೆನಪಿರುತ್ತದೆ. ಮೆಚ್ಚಿದವನ ಜೊತೆ ಓಡಿಬಂದ ಹುಡುಗಿ, ಬೆನ್ನಟ್ಟಿದ ಅಪ್ಪ, ಬಿರುಗಾಳಿಗೆ ಹೆದರದೆ ದೋಣಿ ಬಿಡುವ ಅಂಬಿಗ, ದಡದಲ್ಲಿ ನಿಂತು ಕೊನೆಗೆ ಕರಗುವ ಅಪ್ಪ. ಇದಕ್ಕೆ ಚಿತ್ರಕಥೆ ಬರೆಯುವ ಕೆಲಸವೇ ಇಲ್ಲ. ಅಪ್ಪನ ಕುದುರೆಗಳ ಬದಲು ಎರಡು ಬೈಕು ಇಟ್ಟರೆ ನಿನ್ನೆಯ ಪತ್ರಿಕೆಯ ಸುದ್ದಿ. ಆದರೆ ಹುಡುಗರಿಗೆ ಅದು ಬೇಡ. "ನಮ್ಮ ಊರಿನ ಹಾಡೇ ಬೇಕು" ಎಂದರು. ಸರಿ ಎಂದು ಕೈವಾರಕ್ಕೆ ಬಂದೆವು.

ಬಳೆ ಮಾರುತ್ತಾ ಊರೂರು ತಿರುಗಿದ ನಾರಾಯಣಪ್ಪ, ಯೋಗಿ ನಾರೇಯಣನಾಗಿ ಪದ ಕಟ್ಟಿದ್ದು ನಮ್ಮ ಚಿಂತಾಮಣಿ ತಾಲ್ಲೂಕಿನಲ್ಲಿ. 1726ರಿಂದ 1836ರವರೆಗೆ 110 ವರ್ಷ ಬಾಳಿದರು ಎಂಬುದು ಇಲ್ಲಿನವರ ಲೆಕ್ಕ. ಜನರ ಬಾಯಲ್ಲಿ ತಾತಯ್ಯನಾದ ಅವರ ಪದಗಳು ತೆಲುಗಿನಲ್ಲಿ ಹೆಚ್ಚು, ಕನ್ನಡದಲ್ಲಿಯೂ ಇವೆ. ಕೊನೆಯಲ್ಲಿ 'ಅಮರ ನಾರೇಯಣ' ಅಂಕಿತ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡನ್ನೂ ಒಂದೇ ಉಸಿರಿಗೆ ಆಡುವ ನಮ್ಮ ಕಡೆಯ ಜನರಿಗೆ ಇದರಲ್ಲಿ ವಿಶೇಷವೇನೂ ಕಾಣಿಸುವುದಿಲ್ಲ. ಬೆಂಗಳೂರಿನ ಚಾನೆಲ್ಲಿನವರಿಗೆ ಕಾಣಿಸುತ್ತದೆ: "ಕನ್ನಡ ಚಿತ್ರದಲ್ಲಿ ತೆಲುಗು ಹಾಡೇಕೆ ಸಾರ್?" ಎಂದು ಒಬ್ಬರು ಕೇಳಿಯೇ ಬಿಟ್ಟರು. ಕೋಲಾರ, ಚಿಕ್ಕಬಳ್ಳಾಪುರದ ಬದುಕನ್ನು ಅಪ್ಪಟ ಒಂದೇ ಭಾಷೆಯಲ್ಲಿ ತೋರಿಸಿದರೆ ಅದೇ ಸುಳ್ಳು ಎಂದು ಹೇಳಬೇಕಿತ್ತು. ನಕ್ಕು ಸುಮ್ಮನಾದೆ.

ತಾತಯ್ಯನ ಕಥೆಯನ್ನು ಸಿನಿಮಾ ಬಹಳ ಹಿಂದೆಯೇ ಮುಟ್ಟಿದೆ. ರಾಜ್‌ಕುಮಾರ್ ಅಭಿನಯದ 'ಕೈವಾರ ಮಹಾತ್ಮೆ' ಬಂದದ್ದು 1961ರಲ್ಲಿ. ಲೆಕ್ಕದಂತೆ ಆ ಚಿತ್ರದ 60 ವರ್ಷದ ಹಕ್ಕು 2021ರ ಕೊನೆಗೆ ಮುಗಿದಿದೆ. ಇದನ್ನು ಕೇಳಿ ಹುಡುಗರು ಕುಣಿದರು, ಅದರ ಹಾಡುಗಳನ್ನೇ ಎತ್ತಿ ಹಾಕೋಣ ಎಂದರು. ಮತ್ತೆ ಕಾಫಿ ತರಿಸಬೇಕಾಯಿತು. ಚಿತ್ರದ ಹಕ್ಕು ಮುಗಿದರೂ ಅದಕ್ಕೆ ಹೊಸದಾಗಿ ಬರೆದ ಸಾಹಿತ್ಯ, ಕಟ್ಟಿದ ರಾಗ ಬರೆದವರ ಆಯುಷ್ಯಕ್ಕೆ ಅಂಟಿಕೊಂಡಿವೆ, ಅವಕ್ಕೆ ಬೇರೆ ಗಡುವು. ತಾತಯ್ಯನ ಮೂಲ ಪದಕ್ಕೆ ಮಾತ್ರ ಯಾರ ಬೀಗವೂ ಇಲ್ಲ. ಆದರೆ ಇತ್ತೀಚಿನವರು ಅದಕ್ಕೆ ಹಾಕಿದ ರಾಗ ಅವರದು, ಕನ್ನಡಕ್ಕೆ ಮಾಡಿದ ಅನುವಾದ ಅನುವಾದಕರದು. ಬೀಗವಿಲ್ಲದ ಪದ ಬೇಕಾದರೆ ಬೀಗವಿಲ್ಲದ ಬಾಯಿಗೇ ಹೋಗಬೇಕು. ಅಂದರೆ ಭಜನೆ ಮನೆಗೆ.

ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದಲ್ಲಿ ಹಗಲು ರಾತ್ರಿ ಬಿಡದೆ ಸಂಗೀತ ನಡೆಯುತ್ತದೆ, ಹೆಸರಾಂತ ವಿದ್ವಾಂಸರು ಬರುತ್ತಾರೆ, ಸುತ್ತಲ ಊರುಗಳ ಭಜನೆ ಮೇಳಗಳೂ ಬರುತ್ತವೆ. ನಾವು ಹುಡುಕಿದ್ದು ಆ ಮೇಳಗಳಲ್ಲೊಂದನ್ನು. ಊರಿನ ಹೆಸರು ಬೇಡ. ಎಪ್ಪತ್ತು ದಾಟಿದ ಒಬ್ಬ ತಾತ, ತಾಳದವನು, ಕಂಜಿರದವನು, ಒಂದು ಹಾರ್ಮೋನಿಯಂ. ಅದರ ಒಂದು ಮನೆ ಒತ್ತಿದರೆ ಮೇಲೇಳುವುದಿಲ್ಲ, ಹಾಡಿನ ನಡುವೆ ಬಂದಾಗಲೆಲ್ಲ ತಾತ ಎಡಗೈ ಕಿರುಬೆರಳಿನಿಂದ ಅದನ್ನು ಎಬ್ಬಿಸುತ್ತಾರೆ, ಶ್ರುತಿ ತಪ್ಪುವುದಿಲ್ಲ. ಟೊಮೆಟೊ ಕ್ರೇಟುಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿಕೊಂಡು ಕುಳಿತೆವು. ಅವರು ಒಂದು ಪದ ಎತ್ತಿದರು. ಎರಡನೆಯ ಚರಣದ ನಡುವೆ ಥಟ್ಟನೆ ನಿಲ್ಲಿಸಿ, ನಮ್ಮ ಕಡೆ ತಿರುಗಿ, ಆ ಸಾಲಿನ ಅರ್ಥವನ್ನು ಕನ್ನಡದಲ್ಲಿ ಹೇಳಿ, "ತಿಳಿಯಿತೇ?" ಎಂದು ಕೇಳಿ, ನಾವು ತಲೆಯಾಡಿಸಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿದರು. ತಾಳದವನು ಅಷ್ಟೂ ಹೊತ್ತು ಕೈ ಗಾಳಿಯಲ್ಲಿ ಹಿಡಿದು ಕಾದಿದ್ದ. ಚರಣದ ನಡುವಿನ ಬಿಡುವಿನಲ್ಲಿ ಕಥೆ ಇರಬೇಕೆಂದು ನಾನು ಶಿಡ್ಲಘಟ್ಟದ ದೃಶ್ಯ ಕಟ್ಟಿ ಬೀಗಿದ್ದೆ. ಇವರು ಸಾಲನ್ನೇ ಸೀಳಿ ಕಥೆಗೆ ಜಾಗ ಮಾಡಿದ್ದರು. ಆ ಬಿಡುವು ಸ್ಟಾಪ್‌ವಾಚಿನ ಪ್ರಕಾರ 1 ನಿಮಿಷ 10 ಸೆಕೆಂಡ್.

ಹುಡುಗರು ಅದನ್ನು ಮೊಬೈಲಿನಲ್ಲಿ ಹಿಡಿದು, ಅದೇ ರಾತ್ರಿ ಅಂತರ್ಜಾಲದ ವಿಡಿಯೊ ತಾಣಕ್ಕೆ ಏರಿಸಿದರು. ಮೂರನೆಯ ದಿನ ನೋಟಿಸ್ ಬಂತು. ಈ ಹಾಡು ಯಾವುದೋ ಕಂಪನಿಯ ಧ್ವನಿಮುದ್ರಣಕ್ಕೆ ಹೋಲುತ್ತದೆ, ಇದರಿಂದ ಬರುವ ಹಣ ಆ ಕಂಪನಿಗೆ ಸೇರಬೇಕು ಎಂದು ಯಂತ್ರ ತೀರ್ಮಾನ ಕೊಟ್ಟಿತ್ತು. ಅದೇ ಪದವನ್ನು ಹೆಚ್ಚುಕಡಿಮೆ ಅದೇ ಸಾಂಪ್ರದಾಯಿಕ ದಾಟಿಯಲ್ಲಿ ಯಾರೋ ಸ್ಟುಡಿಯೊದಲ್ಲಿ ಹಾಡಿಸಿ ಮೊದಲೇ ನೋಂದಾಯಿಸಿದ್ದಾರೆ. ಯಂತ್ರಕ್ಕೆ ಎರಡು ದನಿಗಳ ನಡುವಿನ ಇನ್ನೂರು ವರ್ಷ ಕೇಳಿಸುವುದಿಲ್ಲ. ಹುಡುಗರ ಪಿತ್ತ ನೆತ್ತಿಗೇರಿತು. ಆಕ್ಷೇಪಣೆ ಬರೆದೆವು. ತಾತಯ್ಯನ ಕಾಲ, ಕಾಯಿದೆಯ ಕಲಮು, ಎಲ್ಲವನ್ನೂ ನಾನೇ ಚೆನ್ನಾಗಿ ಜೋಡಿಸಿ ಬರೆದುಕೊಟ್ಟೆ. ಇಪ್ಪತ್ತು ಚಿಲ್ಲರೆ ದಿನಗಳ ಮೇಲೆ ಕಂಪನಿ ಹಿಂದೆ ಸರಿಯಿತು.

ಗೆದ್ದ ಸುದ್ದಿ ಹೇಳಲು ಮಿಠಾಯಿ ಹಿಡಿದು ಮತ್ತೆ ಭಜನೆ ಮನೆಗೆ ಹೋದೆವು. ತಾತ ಪೂರ್ತಿ ಕೇಳಿಸಿಕೊಂಡರು. ಯಾವ ಕಂಪನಿ, ಎಷ್ಟು ದುಡ್ಡು, ನೋಟಿಸ್ ಎಂದರೇನು ಎಂದು ವಿಚಾರಿಸಿದರು. ಆಮೇಲೆ, "ಹೌದಪ್ಪಾ, ನಾನು ಹಾಡಿದ್ದು ಟಿವಿಯಲ್ಲಿ ಬಂದಿದೆ ಎಂದು ನನ್ನ ಮೊಮ್ಮಗಳು ತೋರಿಸಿದಳು. ನೀವು ನನ್ನನ್ನು ಕೇಳಿದ್ದಿರಾ?" ಎಂದರು. ಕೋಪವಿರಲಿಲ್ಲ, ನಿಜಕ್ಕೂ ನೆನಪಾಗದೆ ಕೇಳಿದಂತಿತ್ತು. ನಾವು ಕೇಳಿರಲಿಲ್ಲ. ಕಲಾವಿದನ ಒಪ್ಪಿಗೆಯಿಲ್ಲದೆ ಅವನ ಹಾಡನ್ನು ಮುದ್ರಿಸಿ ಜನರಿಗೆ ಮುಟ್ಟಿಸುವಂತಿಲ್ಲ, ಆ ಹಕ್ಕು 50 ವರ್ಷದ್ದು ಎಂಬುದು ಅದೇ ಕಾಯಿದೆಯ 38ನೆಯ ಕಲಮಿನ ಸುತ್ತ ಇದೆ. ಆಕ್ಷೇಪಣೆ ಬರೆಯುವಾಗ ಆ ಪುಟವನ್ನು ದಾಟಿಯೇ ನಾನು ಮುಂದೆ ಹೋಗಿದ್ದೆ. ವಿಡಿಯೊದ ಕೆಳಗೆ ಕ್ಯಾಮೆರಾ ಹಿಡಿದವನ ಹೆಸರಿತ್ತು, ಸಂಕಲನ ಮಾಡಿದವನ ಹೆಸರಿತ್ತು, ಹಾಡಿದವರ ಜಾಗದಲ್ಲಿ 'ಗ್ರಾಮೀಣ ಕಲಾವಿದರು' ಎಂದಿತ್ತು.

ಅಂದು ರಾತ್ರಿಯೇ ವಿಡಿಯೊ ಇಳಿಸಿದೆವು. ಮಾರನೆಯ ವಾರ ಜೆರಾಕ್ಸ್ ಅಂಗಡಿಯಲ್ಲಿ ಒಂದು ಒಪ್ಪಿಗೆ ಪತ್ರ ತಯಾರಾಯಿತು: ಯಾವ ಪದ, ಯಾವ ಚಿತ್ರಕ್ಕೆ, ಎಷ್ಟು ಸಲ ಪ್ರಸಾರಕ್ಕೆ, ಸಂಭಾವನೆ ಎಷ್ಟು, ಹಣ ಬಂದರೆ ಪಾಲು ಹೇಗೆ, ಹೆಸರು ಎಲ್ಲಿ ಹಾಕಬೇಕು. ಒಂದೂವರೆ ಪುಟ, ಅಚ್ಚುಕಟ್ಟಾದ ಕನ್ನಡ. ತಾತ ಕನ್ನಡಕ ಹಾಕಿಕೊಂಡು ಮೊದಲ ಸಾಲು ಓದಿ, ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟು, ತೆಲುಗಿನಲ್ಲಿ ಹೇಳು ಎಂದರು. ಹೇಳುತ್ತಾ ಹೋದೆ. ಹೆಸರುಗಳ ಜಾಗ ಬಂದಾಗ ಕೈಯೆತ್ತಿ ನಿಲ್ಲಿಸಿದರು.

"ನನ್ನದು ಒಂದೇ ಇದೆಯಲ್ಲ. ತಾಳದವನದು ಎಲ್ಲಿ?"